ತುಂಬಿದ ಬಾಟಲಿಯ ಮುಂದೆ

"ಅದನ್ನ ಮೊದ್ಲು ಬಾಯಿಂದ ತೆಗೀರಿ!"

ಬಾಗಿಲಲ್ಲಿ ನಿಂತ ಡಾಕ್ಟರಮ್ಮನ ಕೂಗಿಗೆ ಪಂಜರಗಳಲ್ಲಿದ್ದ ಕೋತಿಗಳು, ಮೂಲೆಯದೊಂದನ್ನು ಬಿಟ್ಟು, ಒಟ್ಟಿಗೆ ತಿರುಗಿ ನೋಡಿದವು. ನಾನು ನೆಲದ ಮೇಲೆ ಮಂಡಿಯೂರಿ, ಕೋತಿಯ ನೀರಿನ ಬಾಟಲಿಯ ನಳಿಗೆಗೆ ನಾಲಿಗೆ ಒತ್ತಿಕೊಂಡು ಕೂತಿದ್ದೆ. ಐವತ್ತು ದಾಟಿದ ಹೆಂಗಸು ಇಂಥ ಭಂಗಿಯಲ್ಲಿ ಸಿಕ್ಕಿಬಿದ್ದರೆ ಮಾನ ಉಳಿಸಿಕೊಳ್ಳಲು ಒಂದೇ ದಾರಿ. ಏನೂ ಆಗದವಳಂತೆ ಕೆಲಸ ಮುಂದುವರಿಸಬೇಕು.

"ಕುದಿಯೋ ನೀರಲ್ಲಿ ಎರಡು ಸಲ ಅದ್ದಿದೀನಿ ಡಾಕ್ಟ್ರೇ," ಅಂದೆ. "ನೀರು ಬರ್ತಿದೆ. ಸರಾಗವಾಗಿ ಬರ್ತಿದೆ."

"ಬೆರಳಲ್ಲಿ ಒತ್ತಿದ್ರೂ ಗೊತ್ತಾಗ್ತಿತ್ತಲ್ರೀ."

"ಕುಡಿಯೋದು ಬೆರಳಲ್ಲಾ?"

ಅವರು ಹಣೆ ಚಚ್ಚಿಕೊಂಡರು. ಹಿಂದಿನ ಕಂತು ಓದದವರಿಗೆ ಇಷ್ಟು ಸಾಕು: ಹನ್ನೆರಡು ಕೋತಿಗಳು ಸಾಕಣೆ ಫಾರ್ಮೊಂದರಿಂದ ಎರಡು ದಿನದ ದಾರಿ ಸವೆಸಿ ಈ ಔಷಧ ಪ್ರಯೋಗಾಲಯಕ್ಕೆ ಬಂದಿಳಿದಾಗ ಮೂರು ಬಾಯಾರಿಕೆಯಿಂದ ಸತ್ತಿದ್ದವು, ಆ ವ್ಯಾನು ಓಡಿಸಿದವರು ನನ್ನ ಅಕ್ಕನ ಗಂಡ.

ಸಾಗಣೆಯಲ್ಲಿ ಸರಕು ಹಾಳಾದರೆ ತಪ್ಪು ಯಾರದೆಂದು ಪತ್ತೆ ಮಾಡುವುದು ನನ್ನ ಕಸುಬು. ಒಡೆದ ಗಾಜು, ಕೊಳೆತ ಹಣ್ಣು, ಗಟ್ಟಿಯಾದ ಸಿಮೆಂಟು, ಎಲ್ಲವನ್ನೂ ಮೂಸಿ, ಮುಟ್ಟಿ, ಕೆಲವೊಮ್ಮೆ ನೆಕ್ಕಿ ನೋಡಿದ್ದೇನೆ. ಜನ ನನ್ನನ್ನು ಸರ್ವೇಯರಮ್ಮ ಅನ್ನುತ್ತಾರೆ. ಬೆನ್ನ ಹಿಂದೆ ಏನನ್ನುತ್ತಾರೋ ನಾನು ಪತ್ತೆ ಮಾಡಲು ಹೋಗಿಲ್ಲ. ಉಸಿರಾಡುವ ಸರಕು ಮಾತ್ರ ಇದೇ ಮೊದಲು. ಅದಕ್ಕೆ ಸರಕು ಅನ್ನಲೂ ನನಗೆ ನಾಲಿಗೆ ಏಳುತ್ತಿರಲಿಲ್ಲ.

ಡಾಕ್ಟರಮ್ಮ ಈ ಪ್ರಯೋಗಾಲಯದ ಪ್ರಾಣಿವೈದ್ಯೆ. ಸತ್ತ ಮೂರನ್ನೂ ಕೊಯ್ದು ನೋಡಿದವರು ಅವರೇ. ಹೊಟ್ಟೆಯಲ್ಲಿ ರೋಗವಿರಲಿಲ್ಲ, ಮೈಮೇಲೆ ಪೆಟ್ಟಿರಲಿಲ್ಲ, ಒಳಗೆಲ್ಲ ಒಣಗಿಹೋಗಿತ್ತು. ಆದರೆ ಆ ಮೂರರ ಪೆಟ್ಟಿಗೆಯಲ್ಲೂ ನೀರಿನ ಬಾಟಲಿ ಕಂಠದವರೆಗೆ ತುಂಬಿತ್ತು.

"ನನ್ನ ಲೆಕ್ಕ ಸರಳ," ಅಂದರು ಅವರು, ಕೈಗವಸು ಹಾಕಿಕೊಳ್ಳುತ್ತ. "ನಿಮ್ಮ ಭಾವ ದಾರೀಲಿ ನೀರು ಹಾಕೋದು ಮರೆತರು. ಸತ್ತಿದ್ದು ನೋಡಿ ಗಾಬರಿಯಾಗಿ ಬಾಟಲಿ ತುಂಬಿಸಿಟ್ರು. ಪೊಲೀಸರೂ ಅದನ್ನೇ ಹೇಳ್ತಿದಾರೆ. ನಾಲ್ಕು ಗಂಟೆಗೆ ಜೀಪು ಬರುತ್ತೆ, ಅಷ್ಟರಲ್ಲಿ ನನ್ನ ವರದಿ ಕೊಡ್ಬೇಕು."

ಆ ವರದಿಯ ಮೇಲೆ ಭಾವ ಮನೆಗೋ ಲಾಕಪ್ಪಿಗೋ ಎಂಬುದು ನಿಂತಿತ್ತು. ಪ್ರಾಣಿಗಳನ್ನು ಸಾಗಿಸುವ ಲೈಸೆನ್ಸು ಹೋದರೆ ಅರವತ್ತರ ಹೊಸ್ತಿಲಲ್ಲಿ ಅವರಿಗೆ ಬೇರೆ ಕೆಲಸ ಕೊಡುವವರು ಯಾರು? ಅಕ್ಕ ಬೆಳಿಗ್ಗೆ ಫೋನಿನಲ್ಲಿ ಅತ್ತಿರಲಿಲ್ಲ. "ಅವ್ರನ್ನ ಕರ್ಕೊಂಡೇ ಬಾ, ಇಲ್ಲಾಂದ್ರೆ ನೀನೂ ಬರ್ಬೇಡ," ಅಂದಿದ್ದಳು. ಅಳುವ ಅಕ್ಕನನ್ನು ಸಮಾಧಾನ ಮಾಡಬಹುದು, ಹೀಗೆ ತಣ್ಣಗೆ ಮಾತಾಡುವ ಅಕ್ಕ ಅಂದರೆ ನನಗೆ ಈಗಲೂ ಭಯ.

"ನಳಿಗೆ ಕೆಟ್ಟಿರಬಹುದು ಅನ್ನೋದು ನನ್ನ ಲೆಕ್ಕ ಆಗಿತ್ತು," ಅಂದೆ. "ಅದು ಹೋಯ್ತು. ಮೂರೂ ಸರಿಯಾಗಿವೆ."

ಬಾಟಲಿಯ ಬುಡಕ್ಕೆ ಕಿರುಬೆರಳಿನಷ್ಟು ಸ್ಟೀಲಿನ ನಳಿಗೆ. ತುದಿಯಲ್ಲಿ ಒಂದು ಪುಟ್ಟ ಗುಂಡು. ನಾಲಿಗೆಯಿಂದ ಗುಂಡನ್ನು ಒಳಕ್ಕೆ ತಳ್ಳಿದರೆ ನೀರು, ಬಿಟ್ಟರೆ ಬಂದ್. ವ್ಯಾನು ಎಷ್ಟು ಕುಲುಕಿದರೂ ಒಂದು ಹನಿ ಚೆಲ್ಲುವುದಿಲ್ಲ. ಒಳ್ಳೆಯ ಉಪಾಯವೇ.

ಆದರೆ ಬಾಟಲಿಯನ್ನು ಬೆಳಕಿಗೆ ಹಿಡಿದಾಗ ನನಗೆ ಬೇರೊಂದು ಕಂಡಿತು. ಗಟ್ಟಿ ಪ್ಲಾಸ್ಟಿಕ್ಕಿನ ಹೊಟ್ಟೆಯ ಮೇಲೆಲ್ಲ ಗೀರು. ಹಲ್ಲಿನ ಗೀರು, ಉಗುರಿನ ಗೀರು, ಒಂದರ ಮೇಲೊಂದು. ನಳಿಗೆಯ ಮೇಲೆ ಮಾತ್ರ ಒಂದೂ ಇಲ್ಲ.

"ಇದೇನು ಡಾಕ್ಟ್ರೇ?"

"ಕೋತಿಗಳಲ್ವಾ, ಸಿಕ್ಕಿದ್ದೆಲ್ಲ ಕಚ್ತವೆ."

"ಮೂರರಲ್ಲೂ ಹೊಟ್ಟೆಯ ಹತ್ರಾನೇ ಕಚ್ಚಿವೆ."

"ಬಾಯಾರಿಕೆ ತಡೀಲಾರದೆ ಖಾಲಿ ಬಾಟಲಿ ಕಚ್ಚಿರಬಹುದು," ಅಂದರು. ಆ ಮಾತು ಅವರಿಗೂ ಹಿಡಿಸಲಿಲ್ಲವೆಂದು ಮುಖ ಹೇಳುತ್ತಿತ್ತು.

ನಾನು ಬಾಟಲಿಯನ್ನು ಕೈಯಲ್ಲಿ ಹಿಡಿದೇ ಅಂಗಳಕ್ಕೆ ಹೋದೆ.

ಭಾವ ವ್ಯಾನಿನ ಹಿಂಬಾಗಿಲು ತೆರೆದಿಟ್ಟು ಅದರ ಮೆಟ್ಟಿಲ ಮೇಲೆ ಕೂತಿದ್ದರು. ಅವರದು ಆನೆಯಂಥ ಮೈ, ಆದರೆ ಅವತ್ತು ಯಾರೋ ಗಾಳಿ ತೆಗೆದಂತೆ ಕುಗ್ಗಿಹೋಗಿದ್ದರು. ಒಳಗೆ ಪೆಟ್ಟಿಗೆಗಳನ್ನು ಇಟ್ಟಿದ್ದ ಕಬ್ಬಿಣದ ಅಟ್ಟಣೆಗಳು ಖಾಲಿಯಾಗಿ ನಿಂತಿದ್ದವು. ತೊಳೆದಿದ್ದರೂ ಮೂತ್ರದ ಘಾಟು ಹೋಗಿರಲಿಲ್ಲ.

"ಬಾ ಪುಟ್ಟಿ," ಅಂದರು. ನನ್ನ ತಲೆ ನರೆತು ಎಷ್ಟೋ ಕಾಲವಾಯಿತು, ಅವರಿಗೆ ನಾನಿನ್ನೂ ಪುಟ್ಟಿ.

"ಭಾವ, ಇನ್ನೊಂದ್ಸಲ ಹೇಳಿ. ದಾರೀಲಿ ಏನು ಮಾಡಿದ್ರಿ?"

"ಎಷ್ಟು ಸಲ ಹೇಳ್ಲಿ? ಹೊರಡೋಕೆ ಮುಂಚೆ ಹನ್ನೆರಡು ಬಾಟಲೀನೂ ತುಂಬಿಸ್ದೆ. ನಿಲ್ಲಿಸಿದಾಗಲೆಲ್ಲ ಹಿಂದೆ ಹೋಗಿ ಟಾರ್ಚ್ ಬಿಟ್ಟು ನೋಡ್ದೆ. ಕೆಲವು ಖಾಲಿ ಆಗಿದ್ವು, ಅವಕ್ಕೆ ಹಾಕ್ದೆ. ಕೆಲವು ತುಂಬಿದ್ವು."

"ಯಾವ್ಯಾವು ತುಂಬಿದ್ವು?"

"ಅದ್ಯಾಕೆ ನೋಡ್ಲಿ? ತುಂಬಿದ್ರೆ ಒಳ್ಳೇದೇ ಅಲ್ವಾ?"

ಹೇಳಿದ ಮೇಲೆ ಅವರ ಬಾಯಿ ತೆರೆದಂತೆಯೇ ಉಳಿಯಿತು. ಎರಡು ದಿನ ಒಂದು ಪ್ರಾಣಿ ನೀರು ಮುಟ್ಟಿಲ್ಲವೆಂದರೆ ಅದರ ಬಾಟಲಿ ತುಂಬಿಯೇ ಇರುತ್ತದೆ. ತುಂಬಿದ ಬಾಟಲಿ ಕಂಡು ಭಾವ ನಿಶ್ಚಿಂತೆಯಿಂದ ಮುಂದಿನದಕ್ಕೆ ಹೋಗಿದ್ದರು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ನಮ್ಮ ಕಸುಬಿನಲ್ಲಿ ಎಲ್ಲರೂ ಡಬ್ಬ ನೋಡುತ್ತೇವೆ.

"ನಾನು ಬಾಟಲಿ ನೋಡ್ದೆ ಪುಟ್ಟಿ," ಅಂದರು, ತಗ್ಗಿದ ದನಿಯಲ್ಲಿ. "ಅದರ ಹಿಂದೆ ಕೂತಿದ್ದರ ಮುಖ ನೋಡ್ಲಿಲ್ಲ."

ಅವರು ಅಂಗೈಯಿಂದ ಕಣ್ಣು ಒರೆಸಿಕೊಂಡರು. ಹಾಗಂತ ಪ್ರಶ್ನೆ ಬಿಡುವವಳು ನಾನಲ್ಲ.

"ನಿಮ್ಮ ಜೊತೆ ಯಾರಾದ್ರೂ ಇದ್ರಾ?"

"ಯಾರೂ ಇಲ್ಲ."

"ಕ್ಲೀನರು, ಫಾರ್ಮಿನ ಕಡೆಯೋರು?"

"ಇಲ್ಲಾಂದ್ನಲ್ಲ. ನಿನ್ನಕ್ಕನ ಆಣೆ, ನಾನೊಬ್ನೇ." ಮಾತು ಮುಗಿಯುವ ಮೊದಲೇ ಅವರು ಎದ್ದು ವ್ಯಾನಿನ ಬಾಗಿಲು ಧಡ್ ಎಂದು ಹಾಕಿದರು. ಪಾಪ, ತಲೆ ಕೆಟ್ಟಿದೆ ಅಂದುಕೊಂಡೆ.

ಒಳಗೆ ಬಂದಾಗ ಡಾಕ್ಟರಮ್ಮ ಪಕ್ಕದ ಕೋಣೆಯಲ್ಲಿ ವರದಿ ಟೈಪು ಮಾಡುತ್ತಿದ್ದರು. ನಡುವೆ ಗಾಜಿನ ಗೋಡೆ. ಆ ಗಾಜಿನಾಚೆ ಬದುಕುಳಿದ ಒಂಬತ್ತು ಕೋತಿಗಳ ಪಂಜರ. ಹೊಸ ಜಾಗದಲ್ಲಿ ಕಂಗಾಲಾಗದಿರಲೆಂದು ಪೆಟ್ಟಿಗೆಯಲ್ಲಿದ್ದ ಬಾಟಲಿಗಳನ್ನೇ ಪಂಜರಕ್ಕೂ ಸಿಕ್ಕಿಸಿದ್ದರು. ಜೊತೆಗೆ ಪ್ರತಿಯೊಂದಕ್ಕೂ ಒಂದು ಅಗಲವಾದ ಬಟ್ಟಲಲ್ಲಿ ನೀರು. ಮೂರು ಸತ್ತ ಮೇಲೆ ಡಾಕ್ಟರಮ್ಮ ಯಾವ ನಳಿಗೆಯನ್ನೂ ನಂಬಲು ತಯಾರಿರಲಿಲ್ಲ.

ನಾನು ಸ್ಟೂಲು ಎಳೆದುಕೊಂಡು ಗಾಜಿನ ಈಚೆ ಕೂತೆ. ಮಾಡಲು ಬೇರೇನೂ ತೋಚದಿದ್ದಾಗ ನೋಡುತ್ತ ಕೂರುವುದು ನನ್ನ ಹಳೆಯ ಚಾಳಿ.

ಕೋತಿ ನೋಡುವುದೆಂದರೆ ಕನ್ನಡಿ ನೋಡಿದಂತೆ, ಸ್ವಲ್ಪ ಮುಜುಗರ, ಆದರೂ ಕಣ್ಣು ಕೀಳಲಾಗುವುದಿಲ್ಲ. ಒಂದು ತನ್ನ ಹೊಟ್ಟೆಯ ಕೂದಲು ಬಿಡಿಸುತ್ತಿತ್ತು. ಇನ್ನೊಂದು ಪಕ್ಕದ ಪಂಜರದ ಕಡ್ಲೆಗೆ ಕೈ ಹಾಕಿ ಬೈಸಿಕೊಂಡಿತು. ಮತ್ತೊಂದು ನೇರ ಬಾಟಲಿಗೆ ಹೋಗಿ ನಳಿಗೆಗೆ ಬಾಯಿಟ್ಟು ಗಟಗಟ ಕುಡಿದು ಬಂದು ಕೂತಿತು.

ಪಕ್ಕದಲ್ಲೇ ಬಟ್ಟಲಲ್ಲಿ ನೀರಿದೆ. ಆದರೂ ನಳಿಗೆಗೆ ಹೋಯಿತು.

ಸ್ವಲ್ಪ ಹೊತ್ತಿಗೆ ಇನ್ನೊಂದೂ ಹಾಗೆಯೇ ಮಾಡಿತು, ಆಮೇಲೆ ಮತ್ತೊಂದು. ನಾನು ಸ್ಟೂಲಿನಿಂದ ಎದ್ದು ಗಾಜಿಗೆ ಮೂಗು ಒತ್ತಿದೆ. ಎಂಟು ಪಂಜರಗಳಲ್ಲಿ ಬಾಟಲಿಯ ನೀರು ಇಳಿದಿತ್ತು, ಬಟ್ಟಲುಗಳು ಮುಟ್ಟಿದಂತಿರಲಿಲ್ಲ. ಮೂಲೆಯ ಪಂಜರದಲ್ಲಿ ಮಾತ್ರ ಬಟ್ಟಲು ಬರಿದಾಗಿತ್ತು, ಬಾಟಲಿ ತುಂಬಿತ್ತು.

ಆ ಪಂಜರದ ಕೋತಿ ನಮಗೆ ಬೆನ್ನು ಹಾಕಿ ಕೂತಿತ್ತು. ಬಂದ ದಿನದಿಂದಲೂ ಅದರ ಮುಖ ಯಾರೂ ಸರಿಯಾಗಿ ನೋಡಿರಲಿಲ್ಲ. ಹಣ್ಣು ಕೊಟ್ಟರೂ ಜನ ಹೋದ ಮೇಲೆಯೇ ತಿನ್ನುತ್ತಿತ್ತು. ನಾನು ಅದರ ಬಾಟಲಿಯ ಹೊಟ್ಟೆ ನೋಡಿದೆ. ಗೀರು. ಹಲ್ಲಿನ ಗೀರು, ಉಗುರಿನ ಗೀರು.

"ಡಾಕ್ಟ್ರೇ, ಟೈಪ್ ಮಾಡೋದು ನಿಲ್ಸಿ," ಅಂದೆ. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು. "ಆ ನಳಿಗೇಲಿ ಕುಡಿಯೋದನ್ನ ಕೋತಿಗೆ ಯಾರು ಕಲಿಸ್ತಾರೆ?"

"ಯಾರೂ ಕಲಿಸಲ್ಲ. ಫಾರ್ಮಲ್ಲಿ ಹುಟ್ಟಿದ ಮರಿ ತಾಯಿ ಕುಡಿಯೋದು ನೋಡಿ, ಹಾಲು ಬಿಡೋ ಮುಂಚೇನೇ..." ಅವರ ಬೆರಳು ಕೀಲಿಮಣೆಯ ಮೇಲೆ ನಿಂತಿತು.

"ಫಾರ್ಮಲ್ಲಿ ಹುಟ್ಟದೇ ಇದ್ರೆ?"

ಅವರು ಎದ್ದು ಬಂದು ನನ್ನ ಪಕ್ಕ ಗಾಜಿಗೆ ಅಂಟಿಕೊಂಡು ನಿಂತರು. ಆಮೇಲೆ ಸರಸರನೆ ಹೋಗಿ ಸತ್ತವುಗಳ ಬಾಟಲಿ ಎತ್ತಿಕೊಂಡು ಗೀರುಗಳ ಮೇಲೆ ಬೆರಳಾಡಿಸಿದರು.

"ನೀರು ಕಾಣ್ತಿತ್ತು," ಅಂದರು. "ಕಾಣೋ ಕಡೆ ಕಚ್ಚಿವೆ."

"ಹೊಳೆ ನೀರು, ಹೊಂಡದ ನೀರು ಕುಡಿದು ಬೆಳೆದಿದ್ದಕ್ಕೆ ಕಬ್ಬಿಣದ ಕಡ್ಡೀಲಿ ನೀರಿದೆ ಅಂತ ಹೇಗೆ ಗೊತ್ತಾಗ್ಬೇಕು? ತಟ್ಟಿದ್ರೂ ಅಲ್ಲಾಡಿಸಿದ್ರೂ ಒಂದು ಹನಿ ಬೀಳಲ್ಲ."

ಎರಡು ದಿನ, ಅರೆಗತ್ತಲ ಪೆಟ್ಟಿಗೆಯಲ್ಲಿ, ಮೂಗಿನ ಮುಂದೆ ಬಾಟಲಿ ತುಂಬ ನೀರು ಅಲುಗಾಡುತ್ತಿದೆ. ಡಾಕ್ಟರಮ್ಮ ಕುರ್ಚಿಗೆ ಒರಗಿ ಕೂತರು.

ಪರೀಕ್ಷೆ ಮಾಡೋಣ, ಮೂಲೆಯದರ ಬಟ್ಟಲು ಒಂದು ಗಂಟೆ ತೆಗೆದಿಡಿ ಅಂದೆ. ಅವರು ನನ್ನ ಮೇಲೆ ಹರಿಹಾಯ್ದರು.

"ಇದರ ಮುಂದಿಂದ ಒಂದು ಕ್ಷಣಾನೂ ನಾನು ನೀರು ತೆಗೆಯಲ್ಲ. ಬೇರೆ ದಾರಿ ಹುಡುಕಿ."

ನನಗೆ ನಾಚಿಕೆಯಾಯಿತು. ಪ್ರಯೋಗಾಲಯದವರಿಗೆ ಕರುಣೆ ಇರುವುದಿಲ್ಲ, ನಮಗಿರುತ್ತದೆ ಅಂತ ಎಲ್ಲಿಂದ ಕಲಿತುಕೊಂಡಿದ್ದೆನೋ. ಬೇರೆ ದಾರಿಯನ್ನು ಅವರೇ ಹುಡುಕಿದರು. ಸಕ್ಕರೆ ನೀರು.

"ಒಂದು ಮಾತು ಕೇಳ್ಲಾ?" ಅಂದೆ, ಸಕ್ಕರೆ ಕದಡುತ್ತ.

"ರಾತ್ರಿ ನಿದ್ದೆ ಬರುತ್ತಾ ಅಂತ ತಾನೆ? ಎಲ್ಲರೂ ಕೇಳ್ತಾರೆ." ಅವರು ತಲೆ ಎತ್ತಲಿಲ್ಲ. "ಬರುತ್ತೆ. ಅದೇ ಒಂದೊಂದ್ಸಲ ಭಯ. ಹಸುಗೂಸುಗಳ ಜ್ವರಕ್ಕೆ ಔಷಧಿ ಮಾಡ್ತಿದೀವಿ. ಮೊದಲ ಹನೀನ ಯಾರಿಗೆ ಕುಡಿಸೋದು ಹೇಳಿ? ಇದು ಸರಿ ಅಂತ ನಾನು ವಾದ ಮಾಡಲ್ಲ. ಬೇರೆ ದಾರಿ ಸಿಗೋವರೆಗೂ ನಿಯಮ ಮೀರದೆ ಮಾಡ್ತೀನಿ ಅಂತಷ್ಟೇ ನನಗೆ ನಾನು ಹೇಳ್ಕೊಂಡಿದೀನಿ."

ನನ್ನ ಚೀಲದಲ್ಲಿ ರಕ್ತದೊತ್ತಡದ ಮಾತ್ರೆಯ ಪಟ್ಟಿ ಇತ್ತು. ಅದನ್ನು ಜಗತ್ತಿನಲ್ಲಿ ಮೊದಲು ನುಂಗಿದ್ದು ನಾನಲ್ಲ ಅನ್ನುವುದು ಆವತ್ತಿನವರೆಗೆ ನನ್ನ ತಲೆಗೇ ಬಂದಿರಲಿಲ್ಲ. ಮುಂದೆ ಕೇಳಬೇಕೆಂದಿದ್ದ ಪ್ರಶ್ನೆಯನ್ನು ನುಂಗಿಕೊಂಡೆ.

ಅಷ್ಟರಲ್ಲಿ ಫಾರ್ಮಿನ ಯಜಮಾನ ಬಂದ. ಬರಲೇಬೇಕಿತ್ತು, ತಪ್ಪು ಚಾಲಕನದೇ ಎಂದು ಬರೆಸಿಕೊಂಡು ಹೋಗಲು ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಬೆಣ್ಣೆಯಂಥ ಮಾತು. ಕೋತಿ ಸಾಕುವವನ ಮೈಮೇಲೆ ಒಂದು ಪರಚು ಗಾಯವೂ ಇಲ್ಲದ್ದು ನನಗೆ ಮೊದಲ ದಿನವೇ ವಿಚಿತ್ರ ಅನಿಸಿತ್ತು.

"ನಮಸ್ಕಾರ ಡಾಕ್ಟ್ರೇ, ನಮಸ್ಕಾರ ಸರ್ವೇಯರಮ್ಮ. ತುಂಬಾ ನೋವಾಯ್ತು. ಹನ್ನೆರಡೂ ನನ್ನ ಕಣ್ಮುಂದೆ ಹುಟ್ಟಿದ್ವು. ಮಕ್ಕಳಂಗೆ."

"ಒಳ್ಳೇದಾಯ್ತು," ಅಂದೆ. "ಮಕ್ಕಳಿಗೆ ಸಕ್ಕರೆ ನೀರು ಮಾಡಿದೀವಿ. ನಿಮ್ಮ ಕೈಯಾರೆ ಕೊಡಿ."

ಒಂಬತ್ತು ಬಾಟಲಿಗೂ ಸಕ್ಕರೆ ನೀರು ತುಂಬಿ ಪಂಜರಗಳಿಗೆ ಅವನಿಂದಲೇ ಸಿಕ್ಕಿಸಿದೆವು. ಬಟ್ಟಲಲ್ಲಿ ಬರೀ ನೀರು ಇದ್ದಂತೆಯೇ ಇತ್ತು. ಮೂವರೂ ಹೊರಗೆ ಬಂದು ಗಾಜಿನ ಹಿಂದೆ ನಿಂತೆವು.

ಎಂಟು ಕೋತಿಗಳು ಒಂದು ಸಲ ರುಚಿ ನೋಡಿದ್ದೇ ತಡ, ನಳಿಗೆ ಬಿಡಲೇ ಇಲ್ಲ. ಒಂದಂತೂ ಬಾಟಲಿಯನ್ನು ಅಪ್ಪಿಕೊಂಡು ಕಣ್ಣು ಮುಚ್ಚಿಬಿಟ್ಟಿತು. ಅಂಥ ಹೊತ್ತಿನಲ್ಲೂ ನನಗೆ ನಗು ಬಂತು.

ಮೂಲೆಯದು ತಿರುಗಲಿಲ್ಲ.

"ಅದು ಸ್ವಲ್ಪ ಪುಕ್ಕಲು," ಅಂದ ಯಜಮಾನ. "ಪ್ರಯಾಣದಲ್ಲಿ ಹೆದರಿದೆ."

"ಕಾಯೋಣ. ನನಗೇನೂ ಅವಸರವಿಲ್ಲ," ಅಂದೆ. ಸುಳ್ಳು. ಗೋಡೆಯ ಗಡಿಯಾರ ನೋಡಲು ನನಗೆ ಧೈರ್ಯವಿರಲಿಲ್ಲ.

ಕೊನೆಗೆ ಅದು ಮೆಲ್ಲಗೆ ತಿರುಗಿತು. ಬಟ್ಟಲಿನ ಹತ್ತಿರ ಬಂದು ಬಗ್ಗಿ ಎರಡು ಗುಟುಕು ಕುಡಿಯಿತು, ತಲೆ ಎತ್ತಿ ಎಡಕ್ಕೆ ನೋಡಿತು, ಬಲಕ್ಕೆ ನೋಡಿತು, ಮತ್ತೆ ಎರಡು ಗುಟುಕು. ಆಮೇಲೆ ಸಿಹಿಯ ವಾಸನೆ ಬಡಿಯಿತೋ ಏನೋ, ಬಾಟಲಿಯ ಕಡೆ ಸರಿಯಿತು. ಅದನ್ನು ಎರಡು ಕೈಯಲ್ಲಿ ಹಿಡಿದು, ನೀರು ಕಾಣುವ ಹೊಟ್ಟೆಯನ್ನು ನೆಕ್ಕಿತು. ನಳಿಗೆ ಅದರ ಗದ್ದಕ್ಕೆ ತಾಗುತ್ತಿತ್ತು. ಅದು ನಳಿಗೆಯನ್ನು ಪಕ್ಕಕ್ಕೆ ತಳ್ಳಿ ಮತ್ತೆ ಪ್ಲಾಸ್ಟಿಕ್ ನೆಕ್ಕಿತು, ಕೊನೆಗೆ ಕಚ್ಚಿತು.

ಹಲ್ಲು ಪ್ಲಾಸ್ಟಿಕ್ಕಿಗೆ ಉಜ್ಜುವ ಸದ್ದು ಗಾಜಿನ ಈಚೆಗೂ ಕೇಳಿಸಿತು. ಡಾಕ್ಟರಮ್ಮ ಓಡಿಹೋಗಿ ಅದರ ಬಟ್ಟಲಿಗೆ ಸಕ್ಕರೆ ನೀರು ಸುರಿದು ಬಂದರು. ಅವರು ಈಚೆ ಬಂದೊಡನೆ ಅದು ಪೂರ್ತಿ ಬಟ್ಟಲು ಖಾಲಿ ಮಾಡಿತು.

"ನಿಮ್ಮ ಕಣ್ಮುಂದೆ ಹುಟ್ಟಿದ ಮಗು," ಅಂದೆ, "ನಿಮ್ಮ ಮನೆ ಬಾಟಲೀಲಿ ಕುಡಿಯೋಕೆ ಕಲಿತೇ ಇಲ್ವಲ್ಲ. ಎಲ್ಲಿ ಹುಟ್ಟಿದ್ದು ಇದು?"

ಬೆಣ್ಣೆ ಕರಗಿತು. ಕೆಳಗೆ ಗಟ್ಟಿ ಕಲ್ಲಿತ್ತು.

"ಕಾಡಲ್ಲಿ ಹುಟ್ಟಿದ್ರೇನು, ಪಂಜರದಲ್ಲಿ ಹುಟ್ಟಿದ್ರೇನು?" ಅಂದ. "ನಿಮ್ಮ ಸೂಜಿಗೆ ಎಲ್ಲಾ ಒಂದೇ ಅಲ್ವಾ ಡಾಕ್ಟ್ರೇ? ಸಾಯಿಸೋರು ನೀವು. ನನ್ನ ಮೇಲೆ ಯಾಕೆ ಕಣ್ಣು ಬಿಡ್ತೀರಿ?"

ಡಾಕ್ಟರಮ್ಮನ ಮುಖ ಬಿಳಿಚಿಕೊಂಡಿತು. ಏಟು ಸರಿಯಾದ ಜಾಗಕ್ಕೇ ಬಿದ್ದಿತ್ತು. ಆದರೂ ಅವರು ಹಿಂದೆ ಸರಿಯಲಿಲ್ಲ.

"ಒಂದೇ ಅಲ್ಲ," ಅಂದರು. "ಕಾಡಿಂದ ಹಿಡಿದದ್ದರ ಮೈಯಲ್ಲಿ ಯಾವ ರೋಗ ಇದೆಯೋ ಗೊತ್ತಿಲ್ಲ. ಅದರ ಮೇಲೆ ಮಾಡಿದ ಪರೀಕ್ಷೆ ನಂಬಿ ನಾಳೆ ಒಂದು ಮಗುವಿಗೆ ಔಷಧಿ ಕೊಡೋಕೆ ಆಗಲ್ಲ. ಅದು ಲೆಕ್ಕದ ಮಾತು. ಇನ್ನೊಂದಿದೆ. ಇದಕ್ಕೆ ಅಮ್ಮ ಇತ್ತು, ಗುಂಪಿತ್ತು, ಮರ ಇತ್ತು. ಅದೆಲ್ಲ ಕಿತ್ಕೊಂಡು ನನ್ನ ಮೇಜಿಗೆ ತರೋದಕ್ಕೆ ನಾನು ಒಪ್ಪಿರ್ಲಿಲ್ಲ. ಒಪ್ಪಲ್ಲ ಅಂತ ಗೊತ್ತಿದ್ದೇ ನೀವು ಮುಚ್ಚಿಟ್ರಿ. ನಾಲ್ಕು ಹೊರಗಿನವು, ಎಂಟು ಫಾರ್ಮಿನವು, ಬೆರೆಸಿಬಿಟ್ರೆ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡ್ರಿ."

"ಆ ನಾಲ್ಕಕ್ಕೂ ಒಂದೊಂದು ನೀರಿನ ಬಟ್ಟಲು ಇಟ್ಟಿದ್ರೆ ಗೊತ್ತಾಗ್ತಾನೂ ಇರ್ಲಿಲ್ಲ," ಅಂದೆ ನಾನು. "ಆದ್ರೆ ಬಟ್ಟಲು ಇಟ್ರೆ ಯಾಕೆ ಅಂತ ಚಾಲಕ ಕೇಳ್ತಾನಲ್ಲ. ನಿಮ್ಮ ಗುಟ್ಟಿಗೆ ಮೂರು ಜೀವ."

ಅವನು ಅಂಗಿಯ ತೋಳು ಸರಿಮಾಡಿಕೊಂಡ. ಹೆದರಿದವನಂತೆ ಕಾಣಲಿಲ್ಲ, ಅದೇ ನನಗೆ ಕಸಿವಿಸಿ.

"ಸರ್ವೇಯರಮ್ಮ, ನೀವು ಬುದ್ಧಿವಂತರು. ಆದ್ರೆ ಕಾಡಿನ ಕೋತಿ ಬಸ್ ಹತ್ಕೊಂಡು ನನ್ನ ಫಾರ್ಮಿಗೆ ಬರಲ್ಲ ಅಲ್ವಾ? ತಂದೋರು ಯಾರು ಅಂತ ಪೊಲೀಸ್ನೋರು ಕೇಳಿದ್ರೆ ನಾನು ಸುಳ್ಳು ಹೇಳೋಕಾಗುತ್ತಾ? ನಿಮ್ಮ ಮನೆ ಕಡೆ ಒಂದ್ಸಲ ವಿಚಾರಿಸ್ಕೊಳ್ಳಿ."

ಅಷ್ಟು ಹೇಳಿ ಕೈಮುಗಿದು ಹೋದ. ಹೆದರಿಸಿ ಬಾಯಿ ಮುಚ್ಚಿಸುವ ಹಳೆಯ ಆಟ ಎಂದು ನಾನು ಅದನ್ನು ಕೊಡವಿಕೊಂಡೆ. ಸಿಕ್ಕಿಬಿದ್ದವರೆಲ್ಲ ಪಕ್ಕದವರ ಕಡೆ ಕೈ ತೋರಿಸುತ್ತಾರೆ.

ಡಾಕ್ಟರಮ್ಮ ಹಳೆಯ ವರದಿ ಅಳಿಸಿ ಹೊಸದು ಬರೆದರು. ಚಾಲಕ ನೀರು ಕೊಟ್ಟಿದ್ದ, ಪ್ರಾಣಿಗಳಿಗೆ ಆ ನೀರು ಕುಡಿಯುವ ಬಗೆ ತಿಳಿದಿರಲಿಲ್ಲ, ಅವು ಫಾರ್ಮಿನಲ್ಲಿ ಹುಟ್ಟಿದವಲ್ಲ, ಚಾಲಕನಿಗೆ ಇದು ತಿಳಿದಿರುವ ಸಾಧ್ಯತೆ ಇಲ್ಲ. ಓದಿ ಹೇಳಿದಾಗ ನನಗೆ ಕುಣಿಯುವಷ್ಟು ಹಿಗ್ಗಾಯಿತು. ಕಾಗದ ಮುದ್ರಣವಾಗಿ ಹೊರಬಂತು. ಅವರು ಪೆನ್ನು ಎತ್ತಿಕೊಂಡರು, ಆದರೆ ಸಹಿ ಮಾಡಲಿಲ್ಲ.

"ಒಂದು ಗಂಟು ಬಿಡ್ತಿಲ್ಲ," ಅಂದರು. "ನಾಲ್ಕಕ್ಕೂ ಕುಡಿಯೋಕೆ ಗೊತ್ತಿರ್ಲಿಲ್ಲ. ಮೂರು ಸತ್ವು. ಮೂಲೆಯದು ಹೇಗೆ ಉಳೀತು?"

"ಗಟ್ಟಿ ಜೀವ ಇರಬಹುದು."

"ಅಲ್ಲ. ಇಳಿಸಿದ ತಕ್ಷಣ ಇದರ ಚರ್ಮ ಚಿವುಟಿ ನೋಡಿದೀನಿ. ಬಾಯಾರಿದ ಮೈಯಲ್ಲಿ ಚಿವುಟಿದ ಚರ್ಮ ಹಾಗೇ ನಿಂತುಬಿಡುತ್ತೆ, ಇದರದ್ದು ತಕ್ಷಣ ಕೂತ್ಕೊಳ್ತು. ದಾರಿ ಉದ್ದಕ್ಕೂ ಇದು ನೀರು ಕುಡಿದಿದೆ. ನಳಿಗೇಲಿ ಅಲ್ಲ. ಯಾರೋ ಕುಡಿಸಿದಾರೆ. ಕುಡಿಸಿದೋರು ಉಳಿದ ಮೂರಕ್ಕೆ ಯಾಕೆ ಕುಡಿಸ್ಲಿಲ್ಲ?"

ನನಗೂ ಗೊತ್ತಾಗಲಿಲ್ಲ. ಭಾವ ಒಬ್ಬರೇ ಇದ್ದರು. ಭಾವನಿಗೆ ಗೊತ್ತಿದ್ದರೆ ಅಂಗಳದಲ್ಲಿ ಹಾಗೆ ಕಣ್ಣೀರು ಹಾಕುತ್ತಿರಲಿಲ್ಲ. ಅಥವಾ ಹಾಕುತ್ತಿದ್ದರೋ? ಮೊದಲ ಸಲ ನನ್ನ ಹಿಗ್ಗಿನಲ್ಲಿ ಒಂದು ಮುಳ್ಳು ಆಡಿತು.

"ಅವ್ರನ್ನೇ ಕರೆದು ಕೇಳೋಣ," ಅಂದರು ಡಾಕ್ಟರಮ್ಮ.

ಕರೆಯಲು ಹೋದಾಗ ಭಾವನ ಜೊತೆ ಅಕ್ಕನೂ ಇದ್ದಳು. ಆಗತಾನೆ ಬಂದಿದ್ದಳು, ಕೈಯಲ್ಲೊಂದು ಚೀಲ. ಲಾಕಪ್ಪಿಗೇ ಹಾಕಿದರೆ ಇರಲೆಂದು ಗಂಡನಿಗೆ ಒಂದು ಜೊತೆ ಬಟ್ಟೆ, ಹೊದಿಕೆ ತಂದಿದ್ದಳು. ಅಕ್ಕ ಯಾವತ್ತೂ ಹೀಗೆಯೇ, ಕೆಟ್ಟದ್ದಕ್ಕೆ ಮೊದಲೇ ಮಡಿಸಿಟ್ಟುಕೊಂಡಿರುತ್ತಾಳೆ.

"ಅಕ್ಕಾ, ಬಟ್ಟೆ ವಾಪಸ್ ತಗೊಂಡು ಹೋಗು. ಭಾವ ಮನೆಗೆ ಬರ್ತಾರೆ," ಅಂದೆ.

ಅವಳು ನನ್ನ ಗಲ್ಲ ಹಿಂಡಿದಳು, ಚಿಕ್ಕಂದಿನಲ್ಲಿ ಹಿಂಡುತ್ತಿದ್ದಂತೆ, ನೋವಾಗುವಷ್ಟು. "ಡಾಕ್ಟರಮ್ಮಂಗೆ ನಾನೇ ಒಂದು ಮಾತು ಹೇಳ್ಬೇಕು," ಅಂದಳು.

"ನೀನು ಒಳಗೆ ಬರೋದೇನೂ ಬೇಡ. ಇಲ್ಲೇ ಇರು," ಅಂದರು ಭಾವ. ಯಾವತ್ತೂ ಹೆಂಡತಿಯ ಮಾತಿಗೆ ಎದುರಾಡದ ಮನುಷ್ಯ. ಅಕ್ಕ ಕೇಳದೆ ನಮ್ಮ ಹಿಂದೆಯೇ ಬಂದಳು. ಬಾಗಿಲಲ್ಲಿ ಡಾಕ್ಟರಮ್ಮ ಕೊಟ್ಟ ನಿಲುವಂಗಿ, ಮೂಗಿನ ಪಟ್ಟಿ ಹಾಕಿಕೊಂಡಳು. ಅವಳ ಕಣ್ಣುಗಳೆರಡು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಡಾಕ್ಟರಮ್ಮ ನಮ್ಮನ್ನು ಪಂಜರಗಳ ನಡುವೆ ಮೂಲೆಯ ಕಡೆ ಕರೆದೊಯ್ದರು.

"ಇದೇ ನೋಡಿ," ಅಂದರು ಭಾವನಿಗೆ. "ದಾರೀಲಿ ಇದಕ್ಕೆ ನೀರು ಕುಡಿಸಿದ್ದು ನೀವಾ?"

ಭಾವ ನೆಲ ನೋಡಿದರು. ಅವರ ಕುತ್ತಿಗೆಯ ಮೇಲೆ ಬೆವರಿತ್ತು.

"ಇದಕ್ಕೆ ಮನುಷ್ಯರ ಮುಖ ಕಂಡ್ರೇ ಆಗಲ್ಲ," ಅಂದೆ ನಾನು, ಮೌನ ಮುರಿಯಲೆಂದು. "ಬಂದಾಗಿಂದ ಬೆನ್ನು ಹಾಕ್ಕೊಂಡೇ..."

ಮಾತು ಮುಗಿಸಲಾಗಲಿಲ್ಲ. ಅಕ್ಕ ನನ್ನ ಹಿಂದಿನಿಂದ ಮುಂದೆ ಬಂದಿದ್ದಳು. ಬಾಯಿ ಬಿಟ್ಟು ಏನೂ ಅಂದಿರಲಿಲ್ಲ, ಬರೀ ನಾಲಿಗೆಯಿಂದ ಚ್ ಚ್ ಎಂದು ಮೆಲ್ಲಗೆ ಸದ್ದು ಮಾಡಿದಳು. ತನಗೇ ತಿಳಿಯದಂತೆ ಮಾಡಿದಳೆಂದು ಈಗಲೂ ನನ್ನ ನಂಬಿಕೆ.

ಕೋತಿ ತಿರುಗಿತು. ಸರಳುಗಳವರೆಗೆ ಬಂದಿತು. ಸರಳಿನ ಸಂದಿನಿಂದ ಕೈ ಚಾಚಿ ಅಕ್ಕನ ನಿಲುವಂಗಿಯ ತೋಳು ಹಿಡಿದು, ಅವಳ ಅಂಗೈಯನ್ನು ತನ್ನ ಕಡೆಗೆ ಎಳೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬಗ್ಗಿಸಿ ಬೊಗಸೆ ಮಾಡಿತು. ಆಮೇಲೆ ಆ ಖಾಲಿ ಬೊಗಸೆಗೆ ಬಾಯಿ ಇಟ್ಟಿತು.

ಡಾಕ್ಟರಮ್ಮ ಕೈಯಲ್ಲಿದ್ದ ಕಾಗದವನ್ನು ನಿಧಾನವಾಗಿ ಎರಡು ಮಡಿಕೆ ಮಾಡಿದರು. ಭಾವ ಗೋಡೆಯ ಕಡೆ ತಿರುಗಿಕೊಂಡರು.

ಅಕ್ಕ ಕೈ ಹಿಂತೆಗೆಯಲಿಲ್ಲ. ನನ್ನ ಕಡೆ ನೋಡಿದಳು, ಮೂಗಿನ ಪಟ್ಟಿಯ ಮೇಲೆ ಆ ಕಣ್ಣು ತುಂಬಿ ಹರಿಯುತ್ತಿತ್ತು.

"ವ್ಯಾನಲ್ಲಿ ಮೇಲಿನ ಅಟ್ಟಣೇಲಿದ್ದ ಉಳಿದ ಮೂರಕ್ಕೆ ನನ್ನ ಕೈ ಎಟುಕ್ಲಿಲ್ಲ ಕಣೇ," ಅಂದಳು.